ಬೆಳ್ಳಂದೂರಿನ ನೊರೆ

ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿ ಸುಮಾರು 900 ಎಕರೆ ವಿಸ್ತಾರವುಳ್ಳ ಬೆಳ್ಳಂದೂರು ಕೆರೆಯ ಹೆಸರನ್ನು ಕೇಳದ ವಾಚಕರು ವಿರಳ. 2015ನೆಯ ಇಸವಿಯ ಮೇ ತಿಂಗಳಲ್ಲಿ ಈ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೊಮ್ಮೆ, 2018ರ ಜನವರಿಯಲ್ಲಿ ಮಗದೊಮ್ಮೆ ಉರಿಯಿತು. ಆ ಕಡೆಯ ಸಲ ಸೈನಿಕರೂ ಬಂದು ನಂದಿಸಬೇಕಾಯಿತು. ಬೆಂಕಿಯನ್ನಾರಿಸಲು ಕೆರೆಗೆ ಓಡುವುದು ನಮ್ಮ ಹಿರಿಯರ ವಾಡಿಕೆ. ಕೆರೆಯೇ ಹೊತ್ತಿಕೊಂಡರೆ ಓಡುವುದೆಲ್ಲಿಗೆ?

ಬೆಂಕಿ ಆರಿತು, ನೊರೆ ಉಳಿಯಿತು. ಕೋಡಿಯ ಬಳಿ ಆಳೆತ್ತರಕ್ಕೆ ಬೆಳೆದು ಗಾಳಿಗೆ ರಸ್ತೆಯ ಮೇಲೆ ಹಾರುತ್ತಿದ್ದ ಬಿಳಿಯ ನೊರೆಗೆ ಅಧಿಕಾರಿಗಳು ಬಲೆಯ ಬೇಲಿ ಕಟ್ಟಿಸಿದರು, ನೀರು ಚಿಮುಕಿಸಿ ಅಡಗಿಸಲು ಯಂತ್ರಗಳನ್ನಿಡಿಸಿದರು. ಜ್ವರದವನಿಗೆ ಬೀಸಣಿಗೆ ಬೀಸಿದಂತಾಯಿತು. ರೋಗದ ಮೂಲವೆಲ್ಲಿದೆಯೆಂಬುದನ್ನು ಪೌರರೂ ಅಧಿಕಾರಿವರ್ಗದವರೂ ತಿಳಿದುಕೊಳ್ಳುವುದು ಅವಶ್ಯವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೆರೆಯ ಮರಣವೆಂದೊಡನೆ ಯಾವುದೋ ಕಾರ್ಖಾನೆಯ ಘೋರ ವಿಷವನ್ನು ಜನರು ನೆನೆಯುತ್ತಾರೆ. ಅಂತಹ ವಿಷಗಳೂ ಉಂಟು. ಲೋಹಗಳಿಗೆ ಲೇಪ ಕೊಡುವ ಕಸುಬುಗಳಿಂದ ಹರಿದುಬರುವ ಕ್ರೋಮಿಯಮ್ಮಿನಂತಹವು ಹೂಳಿನಲ್ಲಿ ನಿಂತು ಸೊಪ್ಪುತರಕಾರಿಗಳಿಗೂ ಏರಬಲ್ಲವು. ಆದರೆ ಬೆಳ್ಳಂದೂರಿನಂತಹ ಕೆರೆಯನ್ನು ಮುಖ್ಯವಾಗಿ ಕೊಂದಿರುವುದು ಅಜೀರ್ಣ. ನಮ್ಮ ಮನೆಗಳ ಮಲಜಲದಲ್ಲಿಯೂ ಬಟ್ಟೆ ಒಗೆಯುವ ಪುಡಿಯಲ್ಲಿಯೂ ರಂಜಕವೆಂಬ ಮೂಲವಸ್ತುವಿರುತ್ತದೆ. ಗಡಸುನೀರಿನ ಗುಣವನ್ನು ಮುರಿಯುವುದಕ್ಕಾಗಿ ಈ ಪುಡಿಗಳಲ್ಲಿ ರಂಜಕದ ಲವಣಗಳನ್ನು ಬಹುಕಾಲದಿಂದ ಬೆರೆಸುತ್ತ ಬಂದಿದ್ದಾರೆ. ಹೊಲಕ್ಕೆ ಗೊಬ್ಬರವಾದುದು ಕೆರೆಗೂ ಗೊಬ್ಬರವೇ. ಒಂದು ತೊಲ ರಂಜಕದಿಂದ ಒಣತೂಕದಲ್ಲಿಯೇ ಸುಮಾರು ನೂರು ತೊಲ ಪಾಚಿ ಬೆಳೆಯಬಲ್ಲದು.

ಈ ಪಾಚಿಯು ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ಅದನ್ನೇ ಹೀರುತ್ತದೆ. ಸತ್ತು ತಳಕ್ಕಿಳಿದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಉಳಿದುದನ್ನೂ ಹೀರಿಬಿಡುತ್ತವೆ. ನಮ್ಮ ಸೀಮೆಯ ಹವೆಯಲ್ಲಿ ನಿರ್ಮಲವಾದ ಒಂದು ಲೀಟರ್ ನೀರಿನಲ್ಲಿ ಕರಗಿರಬಹುದಾದ ಆಮ್ಲಜನಕವೇ ಸುಮಾರು 8 ಮಿಲಿಗ್ರಾಂ. ಮೀನುಗಳ ಸಾಕಣೆಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯವರ ನಿಯಮ. ಬೆಳಗಿನ ಜಾವಕ್ಕೆ ಅದು ಪೂರಾ ಇಳಿದಿರುತ್ತದೆ. ಮೀನುಗಳು ಬಾಯ್ಬಿಟ್ಟುಕೊಂಡು ಮೇಲಕ್ಕೆ ಬರುವುದು ಆ ಹೊತ್ತಿನಲ್ಲಿಯೇ. ಇನ್ನು ನಡುಹಗಲಿನಲ್ಲಿ ಪಾಚಿಯ ದೆಸೆಯಿಂದ ನೀರಿಗೆ ಕ್ಷಾರಗುಣ ಹೆಚ್ಚಿ, ಕೊಳಚೆಯಲ್ಲಿರುವ ಅಮೋನಿಯ ವಿಷರೂಪಕ್ಕೆ ತಿರುಗುತ್ತದೆ. ಹೀಗೆ ರಾತ್ರಿ ಉಸಿರುಕಟ್ಟು, ಹಗಲು ವಿಷ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಪೌರರು ಮೂಗು ಮುಚ್ಚಿಕೊಂಡು ನೋಡಿದರು. ಮೀನುಗಳ ಹಿಂದೆ ಹಕ್ಕಿಗಳು, ಅವುಗಳ ಹಿಂದೆ ಬೆಸ್ತರು ಕೆರೆಯನ್ನು ಬಿಡುತ್ತಾರೆ. ಉಳಿಯುವುದು ಅಂತರಗಂಗೆ ಮತ್ತು ಸೊಳ್ಳೆ.

ನೊರೆಯಾದರೋ ಸಾಬೂನುಪುಡಿಯ ಇನ್ನೊಂದು ಅಂಶದಿಂದ, ಕೊಳೆ ತೆಗೆಯುವ ದ್ರವ್ಯದಿಂದಲೇ, ಆಗತಕ್ಕದ್ದು. ಉಸಿರಿಲ್ಲದ ನೀರಿನಲ್ಲಿ ಅದು ಬೇಗ ಕರಗಿ ನಾಶವಾಗದೆ ಹೂಳಿನಲ್ಲಿ ಅಂಟಿಕೊಂಡಿದ್ದು, ಮಳೆ ಬಂದು ತಳ ಕಲಕಿದೊಡನೆ ಕೋಡಿಯಲ್ಲಿ ಬುರುಗಾಗಿ ಏಳುತ್ತದೆ. (ಅಂಟುವಾಳದ ಕಾಯಿಗೆ ಹಿಂದಿರುಗಿದರೆ ಎಲ್ಲವೂ ಸರಿಹೋದೀತೆಂದು ಕೆಲವರು ಹೇಳುವುದುಂಟು. ಅಂಟುವಾಳದ ರಸವೂ ಮೀನಿಗೆ ವಿಷವೇ. ಕೋಟ್ಯಂತರ ಜನರ ಬಟ್ಟೆಯನ್ನು ಒಂದೇ ಕೆರೆಯಲ್ಲಿ ಒಗೆದರೆ ಯಾವ ಕಾಯಿಯೂ ಕಾಯಲಾರದು.)

ಬೆಂಗಳೂರಿನ ಕೆರೆಗಳನ್ನು ಕಟ್ಟಿದವರು ಮೇಲಿನ ಕೆರೆಯ ಕೋಡಿಯನ್ನು ಕೆಳಗಿನ ಕೆರೆಗೆ ಕೂಡಿಸಿದರು. ಆ ಜಾಡಿನಲ್ಲಿಯೇ ಈಗ ಕೊಳಚೆ ಇಳಿಯುತ್ತದೆ: ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಮುಂದೆ ತಮಿಳುನಾಡಿಗೆ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿ, ನಗರಪಾಲಿಕೆಗೆ 25 ಕೋಟಿ ರೂಪಾಯಿ ಪರಿಹಾರದ್ರವ್ಯವನ್ನು ವಿಧಿಸಿ, ಕೆರೆಯ ಜೀರ್ಣೋದ್ಧಾರಕ್ಕೆಂದು 500 ಕೋಟಿ ರೂಪಾಯಿಗಳನ್ನು ಪ್ರತ್ಯೇಕವಾಗಿ ಇಡತಕ್ಕದ್ದೆಂದು ಆಜ್ಞಾಪಿಸಿತು. ತರುವಾಯ ಹೂಳೆತ್ತುವ ಕೆಲಸವೂ ನಡೆಯಿತು. ಸಂತೋಷ. ಆದರೆ ಬರುವ ನೀರು ಎಂತಹದು?

ಇಲ್ಲಿಯೇ ನಮ್ಮ ಆಕ್ಷೇಪಣೆ. ಕೊಳಚೆಯ ಸಂಸ್ಕರಣಾಗಾರಗಳಲ್ಲಿ ಸಾಮಾನ್ಯವಾಗಿ ಎರಡು ಹಂತಗಳುಂಟು. ಮೊದಲನೆಯದರಲ್ಲಿ ಗಷ್ಟು ತಳಕ್ಕಿಳಿಯುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ನೀರು ಕಣ್ಣಿಗೆ ತಿಳಿಯಾಗುತ್ತದೆ, ವಾಸನೆಯೂ ತಗ್ಗುತ್ತದೆ. ರಂಜಕದ ಬಹುಭಾಗ ಮಾತ್ರ ನೀರಿನೊಡನೆಯೇ ಹೊರಗೆ ಹೋಗುತ್ತದೆ. ಅದನ್ನು ಹಿಡಿಯುವ ವಿದ್ಯೆ ಗೂಢವಾದುದೇನಲ್ಲ. ಬಗ್ಗಡದ ನೀರಿನಲ್ಲಿ ನಮ್ಮ ಹೆಂಗಸರು ತಿರುವುತ್ತಿದ್ದ ಪಟಿಕ, ಇಲ್ಲವೆ ಕಬ್ಬಿಣದ ಲವಣ, ರಂಜಕವನ್ನು ಗಷ್ಟಾಗಿ ಕೆಳಗಿಳಿಸುತ್ತದೆ. ಯೂರೋಪಿನ ಒಕ್ಕೂಟದವರು 2013ರಿಂದ ಮನೆಯ ಬಟ್ಟೆಪುಡಿಗಳಲ್ಲಿ ರಂಜಕಕ್ಕೆ ಮಿತಿಯನ್ನು ಕಟ್ಟಿದ್ದಾರೆ. ಅಮೆರಿಕದ ಸಿಯಾಟಲ್ ಪಟ್ಟಣದವರು 1963ರಿಂದ 1968ರವರೆಗೆ ತಮ್ಮ ಕೊಳಚೆಯನ್ನು ವಾಷಿಂಗ್ಟನ್ ಸರೋವರದಿಂದ ಬೇರೆ ಕಡೆಗೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಸರೋವರವು ತಿಳಿಯಾಯಿತು. ನಮ್ಮ ಕಣಿವೆಯ ಕೊಳಚೆಗೆ ಹಾಗೆ ತಿರುಗಿಸುವ ಬೇರೆ ಜಾಗವಿಲ್ಲವಾದ್ದರಿಂದ ಸಂಸ್ಕರಣಾಗಾರದಲ್ಲಿಯೇ ರಂಜಕವನ್ನು ತಡೆಯಬೇಕು.

ಈ ಮಾತು ಈಗ ಬೆಂಗಳೂರಿಗೆ ಮಾತ್ರ ಸಂಬಂಧಿಸಿದುದಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು, ದಿನವೊಂದಕ್ಕೆ 440 ದಶಲಕ್ಷ ಲೀಟರಿನ ಯೋಜನೆಯ ಮೇರೆಗೆ, 2018ರ ಜೂನ್ ತಿಂಗಳಿನಿಂದ ಕೋಲಾರದ ಒಣಗಿದ ಕೆರೆಗಳಿಗೆ ಹರಿಸಲಾರಂಭಿಸಿದರು. ಮರು ತಿಂಗಳಲ್ಲಿಯೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಂಡು, ವಿಷಯವು ನ್ಯಾಯಸ್ಥಾನದ ಮೆಟ್ಟಿಲೇರಿತು. ಬತ್ತಿದ ಬಾವಿಗಳ ಸೀಮೆಗೆ ನೀರು ಬಂದುದನ್ನು ನಾವು ಹಳಿಯಲಾರೆವು. ಬಾಯಾರಿದವನ ಮುಂದಿನ ಪಾತ್ರೆಯನ್ನು ಕಸಿದುಕೊಳ್ಳುವುದು ಧರ್ಮವಲ್ಲ. ಆದರೆ ಪಾತ್ರೆಯಲ್ಲಿರುವುದೇನೆಂದು ಕೇಳುವ ಹಕ್ಕು ಆ ರೈತನಿಗುಂಟು. ಸಂಸ್ಕರಣಾಗಾರಗಳಿಗೆ ಮೂರನೆಯ ಹಂತವನ್ನು ಕೂಡಿಸುವವರೆಗಾದರೂ ಸರಕಾರದವರು ಒಂದು ಕೆಲಸ ಮಾಡಬಹುದು. ಕೋಲಾರಕ್ಕೆ ಹೋಗುವ ನೀರಿನ ರಂಜಕ, ಅಮೋನಿಯ, ಆಮ್ಲಜನಕಗಳ ಅಂಕೆಗಳನ್ನು ತಿಂಗಳಿಗೊಮ್ಮೆ, ಕನ್ನಡದಲ್ಲಿ, ಲಕ್ಷ್ಮೀಸಾಗರದ ಏರಿಯ ಮೇಲೆ ಒಂದು ಕರಿಹಲಗೆಯಲ್ಲಿ ಬರೆಯಿಸಲಿ. ಹಲಗೆಗೂ ಸೀಮೆಸುಣ್ಣಕ್ಕೂ ಎಷ್ಟು ಖರ್ಚಾದೀತು?