ಮುಷ್ಟಿಯಲ್ಲಿ ಅಕ್ಷಾಂಶ

ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಬಯಲಿನಲ್ಲಿ ಡೇರೆ ಹಾಕುವ ಪಾಲಕರು ಕತ್ತಲಾಗುತ್ತಲೇ ದೊಡ್ಡ ದೀಪ ಹಚ್ಚಿಬಿಡುತ್ತಾರೆ. ಅಲ್ಲಿಗೆ ಆಕಾಶ ಮಾಯ! ಊಟವಾದ ಮೇಲೆ ದೀಪ, ಮೊಬೈಲು ಎಲ್ಲ ಆರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಅಷ್ಟು ಹೊತ್ತು ಕತೆ ಹೇಳಿ. ತೀರ ಚಿಕ್ಕವರು ನಿದ್ದೆಹೋದರೆ ಹೋಗಲಿ, ಎಬ್ಬಿಸಬೇಡಿ.

ಏಪ್ರಿಲ್-ಮೇ ತಿಂಗಳ ರಾತ್ರಿ 9ರ ಸುಮಾರಿಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ಕವುಚಿಟ್ಟ ಸೌಟಿನಂತೆ ಕಾಣುತ್ತದೆ. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಆ ಅಂತರದ ಐದರಷ್ಟು ದಿಗಂತದ ಕಡೆಗೆ ಮುಂದುವರಿಸಿದರೆ ಧ್ರುವ ಸಿಗುತ್ತದೆ. ಥಳಥಳಿಸುವ ನಕ್ಷತ್ರವಲ್ಲ, ಸಾಧಾರಣ ಚುಕ್ಕಿ.

ಈಗ ಮಗು ಕೈಯನ್ನು ಪೂರ್ತಿ ಚಾಚಿ, ದಿಗಂತದಿಂದ ಧ್ರುವದವರೆಗೆ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಅಳೆಯಲಿ. ಒಂದು ಮುಷ್ಟಿ ಎಂದರೆ ಸುಮಾರು 10 ಡಿಗ್ರಿ. ಮಗುವಿನ ಮುಷ್ಟಿ ಚಿಕ್ಕದಲ್ಲವೇ ಎನ್ನುತ್ತೀರಾ? ತೋಳೂ ಗಿಡ್ಡವೇ, ಲೆಕ್ಕ ಸರಿಹೋಗುತ್ತದೆ. ತುಮಕೂರಿನ ಆಸುಪಾಸಿನಲ್ಲಿ ಒಂದು ಮುಷ್ಟಿಗಿಂತ ತುಸು ಹೆಚ್ಚು, ಬೀದರಿನಲ್ಲಿ ಎರಡು ಮುಷ್ಟಿಗೆ ತುಸು ಕಡಿಮೆ. ಧ್ರುವದ ಎತ್ತರವೇ ಆ ಊರಿನ ಅಕ್ಷಾಂಶ! ಉತ್ತರಕ್ಕೆ ಮರ, ಗುಡ್ಡ ಅಡ್ಡವಿರಬಾರದು, ಅಷ್ಟೆ.

ಆದರೆ ಈ ಗುಟ್ಟನ್ನು ಅಲ್ಲೇ ಒಡೆಯಬೇಡಿ. ಅಳತೆಯನ್ನು ಮಗು ಬರೆದುಕೊಳ್ಳಲಿ. ಮನೆಗೆ ಬಂದ ಮೇಲೆ ಭೂಪಟ ಬಿಡಿಸಿ ಅದರ ಮುಂದಿಡಿ.