ಜಾವಾ ವೃತ್ತಿಲೋಕದ ಕಿವಿಮಾತುಗಳು: ಒಂದು ಜಾನಪದೀಯ ವಿವೇಚನೆ

ವೃತ್ತಿ ಜಾನಪದವೆಂದೊಡನೆ ನಮ್ಮ ಗಮನ ಕಮ್ಮಾರ, ಕುಂಬಾರ, ನೇಕಾರರ ಕಡೆಗೆ ಹರಿಯುವುದು ಸಹಜ. ಆದರೆ ಕಚೇರಿಯೂ ಜಾನಪದದ ಒಂದು ನೆಲೆಯೆಂಬುದನ್ನು ಅಲನ್ ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ ಅವರು ಅಮೆರಿಕದ ಕಚೇರಿಗಳಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದ ನಕಲು ಹಾಳೆಗಳನ್ನು ಸಂಗ್ರಹಿಸಿ 1975ರಲ್ಲಿಯೇ ತೋರಿಸಿಕೊಟ್ಟರು. ಬ್ಯಾಂಕು, ವಿಮೆ, ದೂರಸಂಪರ್ಕ ಮೊದಲಾದ ಬೃಹತ್ ಸಂಸ್ಥೆಗಳಿಗಾಗಿ ಜಾವಾ ಭಾಷೆಯಲ್ಲಿ ತಂತ್ರಾಂಶ ಬರೆಯುವವರ ನಡುವೆ ಹಿರಿಯರಿಂದ ಕಿರಿಯರಿಗೆ ದಾಟುವ ಕಿವಿಮಾತುಗಳು ಪ್ರಸ್ತುತ ಲೇಖನದ ವಿಷಯ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಹೊರತಂದ ಈ ಭಾಷೆ ಬೆಂಗಳೂರಿನ ಅಸಂಖ್ಯ ಮಂದಿಗೆ ಅನ್ನದ ದಾರಿಯಾಗಿರುವುದರಿಂದ ಈ ಮಾತುಗಳು ನಮಗೆ ದೂರದವಲ್ಲ.

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಾವು ಹೇಳುತ್ತ ಬಂದಿದ್ದೇವೆ. ಈ ವೃತ್ತಿಯ ಗಾದೆಗಳಿಗೆ ಆ ಭರವಸೆಯನ್ನು ಕೊಡಲಾಗದು. ಇಲ್ಲಿನ ಪ್ರತಿ ಮಾತಿನ ಹಿಂದೆಯೂ ಒಂದು ಕಾರಣವಿರುತ್ತದೆ. ಆ ಕಾರಣ ಎಲ್ಲಿ ನೆಲೆಸಿದೆ ಎಂಬುದರ ಮೇಲೆ ಮಾತಿನ ಆಯುಷ್ಯ ನಿಂತಿದೆ.

‘ಈಕ್ವಲ್ಸ್ ಬರೆದವನು ಹ್ಯಾಶ್‌ಕೋಡನ್ನೂ ಬರೆಯಬೇಕು’ ಎಂಬುದನ್ನು ಗಮನಿಸಬಹುದು. ಜಾವಾದ ಹ್ಯಾಶ್‌ಮ್ಯಾಪ್ ಒಂದು ವಸ್ತುವನ್ನು ಹುಡುಕುವಾಗ ಮೊದಲು ಹ್ಯಾಶ್‌ಕೋಡಿನ ಆಧಾರದಿಂದ ಗೂಡನ್ನು ಗುರುತಿಸಿ, ಅನಂತರ ಆ ಗೂಡಿನೊಳಗೆ ಮಾತ್ರ ಸಮಾನತೆಯನ್ನು ಪರೀಕ್ಷಿಸುತ್ತದೆ. ಸಮಾನವೆನಿಸಿದ ಎರಡು ವಸ್ತುಗಳ ಸಂಕೇತ ಬೇರೆಯಾದರೆ, ಇಟ್ಟದ್ದು ಇದ್ದಲ್ಲೇ ಇದ್ದರೂ ಹುಡುಕಿದವನಿಗೆ ಸಿಗದು. ಜೋಶುವಾ ಬ್ಲಾಕ್ 2001ರ ತಮ್ಮ ‘ಎಫೆಕ್ಟಿವ್ ಜಾವಾ’ ಕೃತಿಯಲ್ಲಿ ಸೇರಿಸಿದ ಈ ನಿಯಮ ಭಾಷೆಯ ಒಪ್ಪಂದದಲ್ಲಿಯೇ ಬೇರೂರಿರುವುದರಿಂದ ಇಂದಿಗೂ ಅಲುಗಿಲ್ಲ.

‘ಕೂಡು ಚಿಹ್ನೆಯಿಂದ ಪದ ಜೋಡಿಸಬೇಡ, ಸ್ಟ್ರಿಂಗ್‌ಬಿಲ್ಡರ್ ಬಳಸು’ ಎಂಬುದರ ಸ್ಥಿತಿ ಬೇರೆ. ಆವರ್ತನೆಯೊಳಗೆ ಪದಕ್ಕೆ ಪದ ಕೂಡಿಸುತ್ತ ಹೋದರೆ ಪ್ರತಿ ಸುತ್ತಿನಲ್ಲೂ ಹಳೆಯದೆಲ್ಲ ಹೊಸದಾಗಿ ನಕಲಾಗುತ್ತದೆ. ಅಲ್ಲಿ ಈ ಮಾತು ನಿಜ. ಒಂದೇ ಸಾಲಿನ ಜೋಡಣೆಯನ್ನಾದರೋ ಕಂಪೈಲರ್ ತಾನೇ ಸುಧಾರಿಸಿಕೊಳ್ಳುತ್ತದೆ. 2017ರ ಜಾವಾ 9ರಿಂದ ಅದಕ್ಕೆ ಇನ್ನೂ ಉತ್ತಮವಾದ ವಿಧಾನ ಬಂದಿದೆ. ಬಾಯಿಂದ ಬಾಯಿಗೆ ಸಾಗುವಾಗ ‘ಆವರ್ತನೆಯೊಳಗೆ’ ಎಂಬ ನಿಬಂಧನೆ ಉದುರಿಹೋಗಿ, ಓದಲು ಸುಲಭವಾಗಿದ್ದ ಸಾಲುಗಳನ್ನು ಕೆಡಿಸುವ ಆಚಾರವೊಂದು ಉಳಿಯಿತು. ಮಳೆ ನಕ್ಷತ್ರದ ಗಾದೆಯನ್ನು ಅದು ಹುಟ್ಟಿದ ಸೀಮೆಯಿಂದ ಬಿಡಿಸಿ ಬೇರೆ ಸೀಮೆಯ ಬೆಳೆಗೆ ಅನ್ವಯಿಸಿದಂತೆ.

ಸಂಗ್ರಾಹಕನ ದೃಷ್ಟಿಯಿಂದ ಅತ್ಯಂತ ಗಮನಾರ್ಹವಾದುದು ‘ಡಬಲ್ ಚೆಕ್ಡ್ ಲಾಕಿಂಗ್’ ಎಂಬ ತಂತ್ರ. ಇಡೀ ತಂತ್ರಾಂಶಕ್ಕೆ ಒಂದೇ ಆಗಿರಬೇಕಾದ ವಸ್ತುವನ್ನು, ಅಗತ್ಯ ಬಿದ್ದಾಗ ಮಾತ್ರ ನಿರ್ಮಿಸುವುದು ಇದರ ಉದ್ದೇಶ. ಹಲವು ಥ್ರೆಡ್‌ಗಳು ಒಟ್ಟಿಗೆ ಬಂದರೆ ಬೀಗ ಬೇಕು. ಬೀಗವೋ ಆ ಕಾಲದಲ್ಲಿ ದುಬಾರಿ. ಆದುದರಿಂದ ಬೀಗದ ಹೊರಗೊಮ್ಮೆ ನೋಡು, ವಸ್ತು ಇಲ್ಲದಿದ್ದರೆ ಬೀಗ ಹಿಡಿದು ಒಳಗೆ ಮತ್ತೊಮ್ಮೆ ನೋಡು ಎಂಬ ಉಪಾಯ ಹಬ್ಬಿತು. ಮೇಲ್ನೋಟಕ್ಕೆ ಇದರಲ್ಲಿ ಕುಂದಿಲ್ಲ. ಆದರೆ ಕಂಪೈಲರೂ ಸಂಸ್ಕಾರಕವೂ ಸೂಚನೆಗಳ ಅನುಕ್ರಮವನ್ನು ಬದಲಿಸಬಲ್ಲವಾದುದರಿಂದ, ವಸ್ತು ಪೂರ್ಣಗೊಳ್ಳುವ ಮೊದಲೇ ಅದರ ವಿಳಾಸ ಹೊರಗೆ ಕಾಣಿಸಿಕೊಳ್ಳಬಹುದು. ಬೀಗ ಹಿಡಿಯದೆ ಇಣುಕಿದ ಇನ್ನೊಂದು ಥ್ರೆಡ್ ಅರೆಕಟ್ಟಿದ ಮನೆಯೊಳಗೆ ಸಂಸಾರ ಹೂಡುತ್ತದೆ. ಈ ತಂತ್ರ ಮುರಿದುಬಿದ್ದಿದೆಯೆಂದು ವಿಲಿಯಂ ಪ್ಯೂ, ಬ್ಲಾಕ್ ಮೊದಲಾದ ತಜ್ಞರು ಜಂಟಿಯಾಗಿ ಸಾರಿದರು. 2004ರಲ್ಲಿ ಜಾವಾ 5 ಸ್ಮೃತಿಯ ನಿಯಮಗಳನ್ನೇ ಪರಿಷ್ಕರಿಸಿದಾಗ, ‘ವೊಲಟೈಲ್’ ಎಂಬ ಒಂದು ಪದವನ್ನು ಸೇರಿಸಿದರೆ ಅದೇ ತಂತ್ರ ಸರಿಯಾಯಿತು. ಅಂದರೆ ಎರಡು ಪಾಠಗಳ ನಡುವಿನ ಅಂತರ ಒಂದು ಪದ; ಒಂದು ಸಾಧು, ಇನ್ನೊಂದು ಅಪಾಯಕಾರಿ. ಪಾಠಾಂತರದ ಮೇಲೆ ಇಷ್ಟೊಂದು ಭಾರ ಬೀಳುವ ಉದಾಹರಣೆ ನಮ್ಮ ಮೌಖಿಕ ಪರಂಪರೆಯಲ್ಲಿ ವಿರಳ.

ಉಪಕರಣಗಳಿಗೂ ಐತಿಹ್ಯಗಳಿವೆ. ಪರೀಕ್ಷಾ ಸಾಧನವಾದ ಜೆಯುನಿಟ್ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೊರಟ ವಿಮಾನದಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಅವರ ಕೈಯಲ್ಲಿ ಹುಟ್ಟಿದ ಕಥೆ ಎಲ್ಲರ ಬಾಯಲ್ಲೂ ಇದೆ. ವೇಗದ ಬಗೆಗಿನ ಕಿವಿಮಾತನ್ನು ಒರೆಗೆ ಹಚ್ಚಲು ಜೆಎಂಎಚ್ ಎಂಬ ಮಾಪನ ಸಾಧನವಿದೆ. ತಂತ್ರಾಂಶ ಸ್ತಬ್ಧವಾದಾಗ ಜೆಸ್ಟ್ಯಾಕ್‌ನಿಂದ ಥ್ರೆಡ್‌ಗಳ ಚಿತ್ರವನ್ನು ಕೆಲವು ಕ್ಷಣಗಳ ಅಂತರದಲ್ಲಿ ಮೂರು ಬಾರಿ ತೆಗೆಯಬೇಕೆಂಬ ರೂಢಿಯೂ ಸಕಾರಣವಾದುದೇ: ಒಂದೇ ಚಿತ್ರದಲ್ಲಿ ನಿಂತವನೂ ನಡೆಯುತ್ತಿರುವವನೂ ಒಂದೇ ರೀತಿ ಕಾಣುತ್ತಾರೆ.

‘ನೇರವಾಗಿ ಪರದೆಗೆ ಮುದ್ರಿಸಬೇಡ, ಲಾಗರ್ ಬಳಸು’ ಎಂಬುದು ಹೊಸಬನಿಗೆ ಮೊದಲ ದಿನಗಳಲ್ಲೇ ದೊರೆಯುವ ಬುದ್ಧಿವಾದ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಆ ಲಾಗರ್‌ನಲ್ಲಿಯೇ ಭಾರೀ ದೋಷ ಬಯಲಾಯಿತು: ದಾಖಲಿಸಬೇಕಾದ ಸಂದೇಶದೊಳಗೆ ಅಡಗಿಸಿಟ್ಟ ವಿಳಾಸವನ್ನು ಅದು ಹುಡುಕಿಕೊಂಡು ಹೋಗಿ, ಪರರ ಸಂಕೇತವನ್ನು ತಂದು ನಡೆಸಬಲ್ಲುದಾಗಿತ್ತು. ಬುದ್ಧಿವಾದ ತಪ್ಪೆಂದು ಇದರಿಂದ ಹೇಳಲಾಗದು. ಆದರೆ ಲಾಗ್‌ಫೋರ್‌ಜೆಯನ್ನು ತಾವು ಬಳಸುತ್ತಿದ್ದೇವೆಯೇ ಎಂಬುದೇ ಅನೇಕ ಸಂಸ್ಥೆಗಳಿಗೆ ತಿಳಿದಿರಲಿಲ್ಲ. ಅದು ಬೇರೆ ಗ್ರಂಥಾಲಯಗಳ ಬೆನ್ನೇರಿ ಒಳಬಂದಿತ್ತು. ಆಗ ನೆರವಾದ ಸಾಧನಗಳಲ್ಲಿ ಮೇವನ್‌ನ ‘ಡಿಪೆಂಡೆನ್ಸಿ ಟ್ರೀ’ ಆಜ್ಞೆಯೂ ಒಂದು. ಯಾರು ಯಾರನ್ನು ಕರೆತಂದರು, ಯಾವ ಆವೃತ್ತಿಯಲ್ಲಿ ಎಂಬುದನ್ನು ಅದು ವಂಶಾವಳಿಯಂತೆ ಬಿಡಿಸಿಡುತ್ತದೆ. ಕಿವಿಮಾತುಗಳನ್ನು ಸಂಗ್ರಹಿಸುವವರೂ ವಕ್ತೃವಿನ ವಿವರದೊಂದಿಗೆ ಜಾವಾದ ಆವೃತ್ತಿಯನ್ನು, ಮಾತಿಗೆ ಕೊಟ್ಟ ಕಾರಣವನ್ನು, ಅದನ್ನು ಅಳೆದು ನೋಡಿದ್ದುಂಟೇ ಎಂಬುದನ್ನು ಕ್ಷೇತ್ರ ಟಿಪ್ಪಣಿಯಲ್ಲಿ ಬರೆದಿಡಬೇಕಾಗುತ್ತದೆ.