ಬೆಳಗಿನ ತಿಂಡಿಗೆ ಹಿಂದಿನ ರಾತ್ರಿಯ ಕೆಲಸ

ಶಾಲೆಗೆ ಹೋಗುವ ಮಕ್ಕಳಿರುವ ಮನೆಯ ಬೆಳಗು ಬಸ್ಸಿನ ಹೊತ್ತನ್ನು ನೋಡಿಕೊಂಡೇ ನಡೆಯುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತಲ ಹಳ್ಳಿಗಳಲ್ಲಂತೂ ಕೊಟ್ಟಿಗೆ ಬಳಿದು, ಹಾಲು ಕರೆದು ಡೇರಿಗೆ ಹಾಕಿ ಬಂದು, ಮಕ್ಕಳ ತಲೆ ಬಾಚಿ, ತಿಂಡಿ ಮಾಡಿ ಮುಗಿಸುವಷ್ಟರಲ್ಲಿ ಬಸ್ಸು ಬಂದು ನಿಂತಿರುತ್ತದೆ. ಈ ಅವಸರದಲ್ಲಿ ಮೊದಲು ತಪ್ಪಿಹೋಗುವುದು ತಿಂಡಿಯೇ. ಕಾಫಿಗೆ ಎರಡು ಬಿಸ್ಕತ್ತು ಅದ್ದಿ ತಿಂದು ಮಗು ಓಡುತ್ತದೆ. ಹಾಗಾಗಿ ಭಾನುವಾರ ಮಾಡಿಟ್ಟು ವಾರದಲ್ಲಿ ಮೂರು ನಾಲ್ಕು ದಿನ ಕೊಡಬಹುದಾದ ತಿಂಡಿಯನ್ನು ಹುಡುಕುವುದು ಸೋಮಾರಿತನವೇನೂ ಅಲ್ಲ. ಹಣ್ಣು, ಓಟ್ಸ್ ಹಾಕಿದ ಮಫಿನ್ ಅಂಥದ್ದೊಂದು ತಿಂಡಿ.

ಮಾಡಿಟ್ಟಿದ್ದೆಂದರೆ ಸತ್ವ ಹೋದದ್ದು ಎಂಬ ಅಳುಕು ಬಹಳ ಜನರಿಗಿದೆ. ಹೆಚ್ಚಿಟ್ಟ ಹಣ್ಣು, ಸೊಪ್ಪಿನ ಮಟ್ಟಿಗೆ ಅದು ನಿಜ. ವಿಟಮಿನ್ ಸಿ ಗಾಳಿಗೂ ನಿಲ್ಲದು, ಬಿಸಿಗೂ ನಿಲ್ಲದು. ಆದರೆ ಕಾಳಿನ ಮಟ್ಟಿಗೆ ಸಂಗತಿ ಬೇರೆಯೇ. ರಾಗಿಗೆ ನೆನೆಯಲು, ಮೊಳೆಯಲು, ಹುಳಿಯಾಗಲು ಹೊತ್ತು ಕೊಟ್ಟರೆ ಅದರೊಳಗಿನ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ನಮ್ಮ ಸೀಮೆಯ ಹಳೆಯ ರಾಗಿ ತಿಂಡಿಗಳು ನಿಂತಿರುವುದೇ ಈ ಲೆಕ್ಕದ ಮೇಲೆ. ಮಫಿನ್ನನ್ನೂ ಇದೇ ಲೆಕ್ಕಕ್ಕೆ ತರಬಹುದು, ತರಬೇಕು ಎಂಬುದು ನನ್ನ ಮಾತು.

ಹುರಿಹಿಟ್ಟನ್ನೇ ನೋಡಿ. ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಕೆಲವು ಗಂಟೆ ಬಿಡುತ್ತಾರೆ. ತೇವ ಕಾಳಿನ ಒಳಗೆಲ್ಲ ಸಮನಾಗಿ ಇಳಿಯಬೇಕು. ನೂರಕ್ಕೆ 18ರಿಂದ 20ರಷ್ಟು ತೇವವಿದ್ದರೆ ಅರಳು ಚೆನ್ನಾಗಿ ಬರುತ್ತದೆ. ಬಾಣಲೆಯಲ್ಲಿ ಮರಳು ಕಾಯಿಸಿ, ಒಂದೊಂದೇ ಹಿಡಿ ರಾಗಿ ಹಾಕಿ ಕೈಯಾಡಿಸಬೇಕು. ಮರಳಿನ ಬಿಸಿ 230ರಿಂದ 250 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಕಾಳಿನೊಳಗಿನ ನೀರು ಆವಿಯಾಗುತ್ತದೆ, ಗಟ್ಟಿ ಸಿಪ್ಪೆ ಅದನ್ನು ಹೊರಗೆ ಬಿಡದೆ ಹಿಡಿಯುತ್ತದೆ. ಒತ್ತಡ ತಾಳದೆ ಸಿಪ್ಪೆ ಬಿರಿದಾಗ ಚಟಪಟ ಸದ್ದಿನೊಂದಿಗೆ ಕೆಂಪು ಕಾಳಿನಿಂದ ಬಿಳಿ ಅರಳು ಹೊರಬರುತ್ತದೆ. ಆ ಕ್ಷಣಾರ್ಧದಲ್ಲೇ ಪಿಷ್ಟ ಬೆಂದಿರುತ್ತದೆ. ಜೊತೆಗೆ ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಬಿಸಿಯಲ್ಲಿ ಕೂಡಿ ಮನೆಯೆಲ್ಲ ಘಮ್ಮೆನ್ನುತ್ತದೆ. ಬ್ರೆಡ್ಡಿನ ಹೊರಮೈ ಕಂದಾಗುವಾಗ ಏಳುವ ಪರಿಮಳವೂ ಇದೇ ಕ್ರಿಯೆಯಿಂದ ಬಂದದ್ದು. ವಿಜ್ಞಾನದಲ್ಲಿ ಇದನ್ನು ಮೈಲಾರ್ಡ್ ಕ್ರಿಯೆ ಎನ್ನುತ್ತಾರೆ. ಜರಡಿ ಹಿಡಿದು ಮರಳು ತೆಗೆದು ಅರಳನ್ನು ಬೀಸಿದರೆ ಹುರಿಹಿಟ್ಟು ಸಿದ್ಧ. ಅದು ಆಗಲೇ ಬೆಂದ ಹಿಟ್ಟು, ಒಲೆಯ ಹಂಗಿಲ್ಲ. ಬೆಳಗ್ಗೆ ಹಾಲೋ ಮೊಸರೋ ಬೆರೆಸಿ, ಬೆಲ್ಲದ ಪುಡಿ ಉದುರಿಸಿ, ಏಲಕ್ಕಿ ಬಾಳೆಹಣ್ಣು ಕಿವುಚಿ ಹಾಕಿದರೆ ತಿಂಡಿ ಆಯಿತು. ಕಾಳು ಮತ್ತು ಹಣ್ಣು ಸೇರಿದ, ಮೊದಲೇ ಮಾಡಿಟ್ಟ ಬೆಳಗಿನ ತಿಂಡಿ ನಮ್ಮಲ್ಲಿ ಹೀಗೆ ಎಂದಿನಿಂದಲೂ ಇದೆ.

ರಾಗಿ ಬಹಳ ದಿನ ಕೆಡದೆ ಉಳಿಯುವುದಕ್ಕೆ ಕಾರಣ ಅದರ ಜಿಡ್ಡು ಕಡಿಮೆ ಇರುವುದು, ನೂರಕ್ಕೆ ಎರಡರೊಳಗೆ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ತುಂಬಿಡುತ್ತಿದ್ದರು. ಓಟ್ಸ್‌ನಲ್ಲಿ ಜಿಡ್ಡು ನೂರಕ್ಕೆ ಆರೇಳು ಇರುತ್ತದೆ, ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಕಾಳಿನಲ್ಲೇ ಇದೆ. ಸಿಪ್ಪೆ ತೆಗೆದು ಹಾಗೇ ಬಿಟ್ಟರೆ ಬೇಗ ಕಮಟು ಹತ್ತಿ ಕಹಿಯಾಗುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಓಟ್ಸ್ ಕಾಳನ್ನು ಹಬೆಗೆ ಹಿಡಿದು ಕಿಣ್ವ ಸಾಯಿಸಿ, ಆಮೇಲೆ ಉರುಳೆಗಳ ನಡುವೆ ಅವಲಕ್ಕಿಯ ಹಾಗೆ ಚಪ್ಪಟೆ ಮಾಡುತ್ತಾರೆ. ಅಂಗಡಿಯ ಪೊಟ್ಟಣದಲ್ಲಿ ಇರುವುದು ಹೀಗೆ ಅರೆಬೆಂದ, ಕಿಣ್ವಗಳು ಸತ್ತ ಕಾಳು. ಓಟ್ಸ್‌ಗೆ ಅದರದೇ ಗುಣವಿದೆ. ಬೀಟಾ ಗ್ಲೂಕನ್ ಎಂಬ ಕರಗುವ ನಾರು ಹೊಟ್ಟೆಯಲ್ಲಿ ಲೋಳೆಯಾಗಿ ಹರಡಿ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಆ ಮಟ್ಟಿಗೆ ಮಫಿನ್ನಿನಲ್ಲಿ ಅದಕ್ಕೊಂದು ಜಾಗ ಇರಲಿ. ಆದರೆ ಪೂರಾ ಓಟ್ಸ್ ಹಾಕಿ ಮಾಡುವ ಅಗತ್ಯ ಹಾಸನದಲ್ಲಿ ಇಲ್ಲ.

ಕಾರಣ ಸುಣ್ಣದ ಅಂಶ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಓಟ್ಸ್‌ನಲ್ಲಿ 50ರ ಆಸುಪಾಸು, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ಬೆಳೆಯುವ ಎಲುಬಿಗೆ ಇಷ್ಟು ಕ್ಯಾಲ್ಸಿಯಂ ಕೊಡುವ ಧಾನ್ಯ ಇನ್ನೊಂದಿಲ್ಲ. ಆದರೆ ಕಾಳಿನಲ್ಲಿದ್ದದ್ದೆಲ್ಲ ರಕ್ತಕ್ಕೆ ಬರುವುದಿಲ್ಲ, ಜಾಹೀರಾತುಗಳು ಹೇಳದೆ ಬಿಡುವುದು ಇದನ್ನೇ. ಕಾಳು ತನ್ನ ಮೊಳಕೆಗೆಂದು ರಂಜಕವನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟಿರುತ್ತದೆ. ಆ ಆಮ್ಲ ಕ್ಯಾಲ್ಸಿಯಂ, ಕಬ್ಬಿಣ, ಸತು ಮೂರನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೆಂಪು ರಾಗಿಯ ಸಿಪ್ಪೆಯಲ್ಲಿರುವ ಒಗರು ಪದಾರ್ಥಗಳೂ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಈ ಗಂಟು ಬಿಚ್ಚುವುದು ಫೈಟೇಸ್ ಎಂಬ ಕಿಣ್ವ. ಅದು ಕಾಳಿನಲ್ಲೇ ಇದೆ, ಕಾಳು ನೆನೆದು ಮೊಳೆತಾಗ ಹೆಚ್ಚುತ್ತದೆ, ತುಸು ಹುಳಿಯಿರುವ ತೇವದಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದದ್ದು ನೀರು ಮತ್ತು ಹೊತ್ತು. ಹಿಟ್ಟು ಕಲಸಿದ ತಕ್ಷಣ ಓವನ್ನಿಗೆ ಇಟ್ಟರೆ ಎರಡನೆಯದು ಸಿಗುವುದಿಲ್ಲ. ಬಿಸಿಗೆ ಕಿಣ್ವ ಸತ್ತುಹೋಗುತ್ತದೆ, ಗಂಟು ಹಾಗೇ ಉಳಿಯುತ್ತದೆ.

ಇಲ್ಲಿ ಮೊಳಕೆ ರಾಗಿ ಕೈಹಿಡಿಯುತ್ತದೆ. ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ ಬಿಟ್ಟರೆ ಸಣ್ಣ ಬಿಳಿ ಬೇರುಗಳು ಬಟ್ಟೆಯನ್ನು ತೂರಿ ಹೊರಗೆ ಬರುತ್ತವೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೂ ಅರ್ಧ ದಿನ ಹೆಚ್ಚು ಹಿಡಿದೀತು. ದಿನಕ್ಕೆರಡು ಸಲ ಗಂಟು ಬಿಚ್ಚಿ ತೊಳೆಯದಿದ್ದರೆ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಬೇಕು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕೈಯಲ್ಲಿ ತಿಕ್ಕಿ ಬೇರು ಉದುರಿಸಿ, ಮಿಲ್ಲಿಗೆ ಹಾಕಿಸಬೇಕು. ಮೊಳೆತ ರಾಗಿಯಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕೂಡ ಹೇರಳವಾಗಿ ಹುಟ್ಟುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿಯವರು ಈ ಗುಣವನ್ನು ಬಗೆದು ನೋಡಿ ಎಳೆಮಕ್ಕಳ ಆಹಾರಕ್ಕೆ ಒದಗಿಸಿದರು. ಸಾಮಾನ್ಯ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ, ಮಗುವಿಗೆ ನುಂಗಲು ಆಗಲೆಂದು ನೀರು ಹೆಚ್ಚಿಸಿದರೆ ಬಟ್ಟಲಲ್ಲಿ ಕಾಳಿನ ಪಾಲು ಕಡಿಮೆಯಾಗುತ್ತದೆ. ಮೊಳಕೆ ಹಿಟ್ಟಿನಲ್ಲಿ ಅಮೈಲೇಸ್ ಪಿಷ್ಟದ ಉದ್ದನೆಯ ಎಳೆಗಳನ್ನು ಕತ್ತರಿಸುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಸಣ್ಣ ಹೊಟ್ಟೆಗೆ ಹೆಚ್ಚು ಆಹಾರ.

ಆದರೆ ಗಂಜಿಗೆ ಒದಗಿದ ಗುಣ ಮಫಿನ್ನಿಗೆ ತೊಡಕಾಗುತ್ತದೆ. ಓವನ್ನಿನಲ್ಲಿ ಹಿಟ್ಟು ಕಾಯುತ್ತಾ 65 ಡಿಗ್ರಿ ದಾಟಿದಾಗ ರಾಗಿಯ ಪಿಷ್ಟ ಬಾತುಕೊಳ್ಳುತ್ತದೆ. ಅಮೈಲೇಸ್ ಸಾಯಲು ಇನ್ನೂ ಹತ್ತು ಡಿಗ್ರಿಯಾದರೂ ಏರಬೇಕು. ನಡುವಿನ ಆ ಕೆಲವು ನಿಮಿಷದಲ್ಲಿ ಕಿಣ್ವ ಬಾತ ಪಿಷ್ಟವನ್ನು ಕಡಿದುಹಾಕುತ್ತದೆ. ಪೂರಾ ಮೊಳಕೆ ಹಿಟ್ಟಿನಲ್ಲೇ ಮಾಡಿದ ಮಫಿನ್ ಹೊರಗೆ ಕಂದಾಗಿದ್ದರೂ ಮುರಿದಾಗ ಒಳಗೆ ಅಂಟಂಟಾಗಿ ಬೆಂದಿಲ್ಲವೆನಿಸುವುದು ಇದರಿಂದ. ಒಟ್ಟು ಹಿಟ್ಟಿನ ಹತ್ತರಲ್ಲೊಂದು ಪಾಲು ಸಾಕು. ಅಷ್ಟಕ್ಕೇ ಫೈಟೇಸ್ ಬರುತ್ತದೆ, ಬೆಲ್ಲವೂ ತುಸು ಕಡಿಮೆ ಹಿಡಿಯುತ್ತದೆ. ಈ ಹಿಟ್ಟಿಗೆ ಮೊಳೆತ ಕಾಳನ್ನು ಬಿಸಿಲಲ್ಲಿ ಒಣಗಿಸಿದರೆ ಸಾಕು, ಕೆಂಪಗೆ ಹುರಿಯಬಾರದು. ಹುರಿದರೆ ಘಮ ಬಂದೀತು, ಕಿಣ್ವ ಹೋಗುತ್ತದೆ. ಕಿಣ್ವ ಸತ್ತ ಓಟ್ಸ್‌ಗೂ ಈ ಮೊಳಕೆ ಹಿಟ್ಟೇ ಆಸರೆ.

ಹನ್ನೆರಡು ಮಫಿನ್‌ಗೆ ನನ್ನ ಅಳತೆ ಹೀಗಿದೆ. ಹಿಂದಿನ ರಾತ್ರಿ 90 ಗ್ರಾಂ ರಾಗಿ ಹಿಟ್ಟು, 30 ಗ್ರಾಂ ಮೊಳಕೆ ರಾಗಿ ಹಿಟ್ಟು, 60 ಗ್ರಾಂ ಓಟ್ಸ್ ಮೂರನ್ನೂ 200 ಗ್ರಾಂ ಹುಳಿ ಮೊಸರಿನಲ್ಲಿ ಕಲಸಿ ಮುಚ್ಚಿಡಬೇಕು. ಮರುದಿನ 100 ಗ್ರಾಂ ಗೋಧಿ ಹಿಟ್ಟು, ಕಿವುಚಿದ ಏಲಕ್ಕಿ ಬಾಳೆಹಣ್ಣು 200 ಗ್ರಾಂ, ಪುಡಿ ಬೆಲ್ಲ 100 ಗ್ರಾಂ, ತುಪ್ಪವೋ ಎಣ್ಣೆಯೋ 50 ಗ್ರಾಂ, ತುರಿದ ಕೊಬ್ಬರಿ ಒಂದು ಹಿಡಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಉಬ್ಬಿದ ಗಾಳಿಯನ್ನು ಹಿಡಿದಿಡುವ ಜಾಳಿಗೆ ಅದರಿಂದ ಆಗದು. ಗೋಧಿ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧಕ್ಕೆ ಮುದ್ದೆ ಮಾಡುವವರಿಗೆ ಗೊತ್ತಿರುವ ಉಪಾಯವೇ ಸಾಕು. ಎಸರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಅಂಬಲಿ ಮಾಡಿಕೊಳ್ಳುವುದಿಲ್ಲವೇ? ಹಾಗೆಯೇ ಒಂದು ಚಮಚ ರಾಗಿ ಹಿಟ್ಟನ್ನು ಕಾಲು ಲೋಟ ನೀರಿನಲ್ಲಿ ಕುದಿಸಿ ಆರಿಸಿ ಬೆರೆಸಿದರೆ, ಬೆಂದ ಪಿಷ್ಟದ ಆ ಸರಿ ನೀರನ್ನೂ ಗಾಳಿಯನ್ನೂ ಹಿಡಿದುಕೊಳ್ಳುತ್ತದೆ. ಇದಕ್ಕೆ ಮೊಳಕೆ ಹಿಟ್ಟು ಬೇಡ, ನೀರಾಗಿಬಿಡುತ್ತದೆ.

ಮೊಟ್ಟೆ ಹಾಕದೆ ಮೊಸರಿನಲ್ಲಿ ಕೇಕ್ ಉಬ್ಬಿಸುವುದು ಹಾಸನದವರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರುಮಾಡಿದ ಎಚ್.ಎಸ್. ತಿರುಮಲಾಚಾರ್ ಹಾಸನ ಸೀಮೆಯವರು; ಅಯ್ಯಂಗಾರ್ ಬೇಕರಿಗಳ ಕಸುಬು ಈ ಜಿಲ್ಲೆಯ ಹಳ್ಳಿಗಳಿಂದಲೇ ಊರೂರಿಗೆ ಹೋಯಿತು. ಮೊಸರಿನ ಹುಳಿ ಅಡುಗೆ ಸೋಡಾ ಜೊತೆ ಸೇರಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಆದ್ದರಿಂದ ಅರ್ಧ ಚಮಚ ಸೋಡಾ, ಒಂದು ಚಮಚ ಬೇಕಿಂಗ್ ಪೌಡರನ್ನು ಕೊನೆಗೆ ಹಾಕಿ, ತಡಮಾಡದೆ 180 ಡಿಗ್ರಿಯಲ್ಲಿ 22ರಿಂದ 25 ನಿಮಿಷ ಬೇಯಿಸಬೇಕು. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುವುದಲ್ಲದೆ ಕಾಳಿನ ಬಿ1 ಜೀವಸತ್ವವೂ ನಾಶವಾಗುತ್ತದೆ. ಓವನ್ ಇಲ್ಲದ ಮನೆಯಲ್ಲಿ ಸಣ್ಣ ಬಟ್ಟಲುಗಳಿಗೆ ಹಾಕಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿದರೂ ಆಗುತ್ತದೆ. ಹಬೆಯ ಬಿಸಿ ನೂರನ್ನು ದಾಟದ ಕಾರಣ ಮೇಲ್ಮೈ ಕಂದಾಗುವುದಿಲ್ಲ, ಅಷ್ಟೇ.

ಬಾಳೆಹಣ್ಣು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬರುವಷ್ಟು ಕಳಿತಿರಲಿ. ಕಾಯಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟಿದ್ದ ಪಿಷ್ಟ ಅಷ್ಟು ಹೊತ್ತಿಗೆ ಬಹುಪಾಲು ಸಕ್ಕರೆಯಾಗಿರುತ್ತದೆ. ಹಣ್ಣಿನ ಸಕ್ಕರೆಯೂ ಬೆಲ್ಲವೂ ನೀರನ್ನು ಬಿಡದೆ ಹಿಡಿಯುವುದರಿಂದ ಮಫಿನ್ ಬೇಗ ಒಣಗುವುದಿಲ್ಲ. ಚನ್ನರಾಯಪಟ್ಟಣದ ಕಡೆ ಮನೆಮನೆಯಲ್ಲಿರುವ ಕೊಬ್ಬರಿಯದು ಇನ್ನೊಂದು ಅನುಕೂಲ. ಅದರ ಜಿಡ್ಡು ಬಹುತೇಕ ಪರ್ಯಾಪ್ತ ಕೊಬ್ಬು, ಗಾಳಿಗೆ ಬೇಗ ಕಮಟುವುದಿಲ್ಲ. ಹಸಿ ಕಾಯಿತುರಿ ಹಾಕಿದರೆ ಮಾತ್ರ ಅದರ ನೀರಿನಿಂದಲೇ ಹಳಸುತ್ತದೆ.

ಇಡುವುದು ಎಲ್ಲಿ? ಬೇಸಿಗೆಯಲ್ಲಿ ಎರಡು ದಿನ ಡಬ್ಬಿಯಲ್ಲಿ ಹೊರಗಿದ್ದೀತು, ಅರಕಲಗೂಡಿನ ಮಳೆಗಾಲದಲ್ಲಿ ಒಂದೇ ದಿನ. ಫ್ರಿಜ್ಜಿನಲ್ಲಿ ಬೂಷ್ಟು ಹಿಡಿಯದಿದ್ದರೂ ಮಫಿನ್ ಬಿರುಸಾಗುತ್ತದೆ. ಬೆಂದಾಗ ಬಿಚ್ಚಿಕೊಂಡ ಪಿಷ್ಟದ ಎಳೆಗಳು ಆರಿದ ಮೇಲೆ ಮತ್ತೆ ಸಾಲುಗೂಡಿ ಹರಳುಗಟ್ಟುತ್ತವೆ, ಅದು ಅತಿ ವೇಗವಾಗಿ ನಡೆಯುವುದು 4 ಡಿಗ್ರಿಯ ಸುತ್ತ. ಫ್ರಿಜ್ಜಿನ ಬಿಸಿಯೂ ಅಷ್ಟೇ. ಫ್ರೀಜರಿನ ಮೈನಸ್ 18ರಲ್ಲಿ ಈ ಚಲನೆ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಆದ್ದರಿಂದ ಎರಡು ದಿನಕ್ಕೆ ಬೇಕಾದಷ್ಟು ಹೊರಗೆ, ಉಳಿದದ್ದು ಆರಿದ ಕೂಡಲೇ ಫ್ರೀಜರಿಗೆ. ಬೆಳಗ್ಗೆ ಐದಾರು ನಿಮಿಷ ಹಬೆಯಲ್ಲಿಟ್ಟರೆ ಹರಳಿನ ದೊಡ್ಡ ಪಾಲು ಕರಗಿ ಮಫಿನ್ ಮತ್ತೆ ಮೆತ್ತಗಾಗುತ್ತದೆ. ಕರಗದೆ ಉಳಿಯುವ ಒಂದಷ್ಟು ಪಿಷ್ಟ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಸಾಗಿ ದೊಡ್ಡ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋಗುತ್ತಿದ್ದವರ ಹೊಟ್ಟೆಯಲ್ಲಿ ನಡೆಯುತ್ತಿದ್ದುದೂ ಇದೇ. ಆದರೆ ರಾಗಿ ಎಂದ ಮಾತ್ರಕ್ಕೆ ರಕ್ತದ ಸಕ್ಕರೆ ಏರುವುದೇ ಇಲ್ಲ ಎಂದು ನಂಬುವುದು ಬೇಡ. ನುಣ್ಣಗೆ ಬೀಸಿ ಬಿಸಿಬಿಸಿಯಾಗಿ ತಿಂದರೆ ರಾಗಿಯ ಪಿಷ್ಟವೂ ಬೇಗ ಜೀರ್ಣವಾಗುತ್ತದೆ.

ಶಾಲೆಯಲ್ಲೂ ಈಗ ರಾಗಿ ಸಿಗುತ್ತಿದೆ. 2013ರ ಆಗಸ್ಟ್ 1ರಂದು ಆರಂಭವಾದ ರಾಜ್ಯ ಸರ್ಕಾರದ ಕ್ಷೀರಭಾಗ್ಯ ಯೋಜನೆಯಲ್ಲಿ ಮಕ್ಕಳಿಗೆ 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು ಕೊಡುತ್ತಿದ್ದರು. 2024ರ ಫೆಬ್ರುವರಿಯಲ್ಲಿ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಬೆರೆಸುವ ಏರ್ಪಾಡು ಬಂತು. ತಿಂಡಿಯಿಲ್ಲದೆ ಬಂದ ಮಗುವಿಗೆ ಇದು ದೊಡ್ಡ ಆಸರೆ, ಮನಸಾರೆ ಮೆಚ್ಚಬೇಕಾದ ಕೆಲಸ. ಕ್ಯಾಲ್ಸಿಯಂ ಇದರಿಂದ ಚೆನ್ನಾಗಿ ಸಿಗುತ್ತದೆ. ಹಾಗಾಗಿ ಮನೆಯ ತಿಂಡಿ ಕಬ್ಬಿಣದ ಕಡೆ ಗಮನ ಕೊಡಬಹುದು. ರಾಗಿಯ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ಬೇಕು. ಅದು ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತಿರುಗಿಸುತ್ತದೆ. ಕಾಫಿ, ಟೀ ಮಾಡುವುದು ಇದರ ಉಲ್ಟಾ ಕೆಲಸ, ಅವನ್ನು ತಿಂಡಿಯ ಜೊತೆ ಕೊಡದಿರುವುದೇ ಲೇಸು. ಬಾಳೆಹಣ್ಣಿನಲ್ಲಿ ವಿಟಮಿನ್ ಸಿ ಅಲ್ಪ, ಬೇಯಿಸಿದ ಮೇಲೆ ಅದೂ ಉಳಿಯುವುದಿಲ್ಲ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇದೆ. ಮಫಿನ್ ಜೊತೆ ಅರ್ಧ ಸೀಬೆಹಣ್ಣು ಸಾಕು, ಸಿಗದ ದಿನ ಒಂದು ತುಂಡು ನೆಲ್ಲಿಕಾಯಿ. ಎರಡನ್ನೂ ಬೇಯಿಸದೆ, ಬೆಳಗ್ಗೆ ಆಗಲೇ ಹೆಚ್ಚಿ ಕೊಡಬೇಕು.